ಹತ್ತೊಂಬತ್ತು ಮೆಟ್ಟಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟರು. ಮನೆ ಬದಲಿಸಿ ನೋಡು ಎಂದು ಮಾತ್ರ ಯಾರೂ ಹೇಳಿದಂತಿಲ್ಲ. ಹುಟ್ಟಿದ ಮನೆಯಲ್ಲೇ ಬಾಳಿ, ಆ ಮನೆಯ ಹೊಸ್ತಿಲಿನಿಂದಲೇ ಕೊನೆಯ ಪಯಣ ಹೊರಡುತ್ತಿದ್ದವರಿಗೆ ಆ ಕಷ್ಟದ ಅನುಭವ ಇರಲಿಲ್ಲವೋ ಏನೋ. ಸಂಬಳವನ್ನು ನಂಬಿ ಪಟ್ಟಣ ಸೇರಿದ ನಮ್ಮಂಥವರಿಗೆ ಅದು ಚೆನ್ನಾಗಿ ಗೊತ್ತು. ಈ ದಿನ ನಾನು ಹೇಳಹೊರಟಿರುವುದು ಬೀದರ ನಗರದಲ್ಲಿ ನಾವು ಒಂದು ಬಾಡಿಗೆ ಮನೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದ ಸಂಗತಿ. ಎರಡು ಮನೆಗಳ ನಡುವಿನ ದೂರ ಸುಮಾರು ಮೂರು ಮೈಲಿ. ಆ ದೂರವನ್ನು ದಾಟಲು ನನಗೆ ಮೂರು ವರ್ಷ ಹಿಡಿಯಿತು.

ಹಾಗೆ ನೋಡಿದರೆ ಬೀದರಿನ ವೈಭವವೇ ಒಂದು ಮನೆ ಬದಲಾವಣೆಯಿಂದ ಬಂದದ್ದು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದ ಬಯಲು, ತಂಪು ಹವೆ, ನೆಲದೊಳಗೆ ನೀರು, ಅಗೆದಾಗ ಮೆದುವಾಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಕೆಂಪು ಜಂಬಿಟ್ಟಿಗೆ ಕಲ್ಲು. ಒಬ್ಬ ಗೃಹಸ್ಥನು ಮನೆ ಹುಡುಕುವಾಗ ಕೇಳುವ ಗಾಳಿ, ನೀರು, ಗೋಡೆ ಮೂರೂ ಅವನಿಗೆ ಇಲ್ಲಿ ದೊರೆತವು. ಆದರೆ ಸುಲ್ತಾನನು ತನ್ನ ಪಾತ್ರೆ ಪರಡಿಗಳನ್ನು ತಾನೇ ಹೊರಲಿಲ್ಲ; ತನ್ನ ನೀರನ್ನೂ ಹೊರಲಿಲ್ಲ. ಇತಿಹಾಸ ಓದುವಾಗ ಈ ಮಾತು ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ನಾನು ಔರಾದ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವನು. ನಮ್ಮದು ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದುದ್ದ ಮಣ್ಣು. ೧೯೮೮ರಲ್ಲಿ ಬೀದರಿನ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿದೆ. ೧೯೯೦ರಲ್ಲಿ ಮದುವೆಯಾಯಿತು. ಹೆಂಡತಿಯ ತವರು ಭಾಲ್ಕಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಊರು ಅದು. ಅಂಥ ಊರಿನ ಹುಡುಗಿಗೆ ಕನ್ನಡ ಮೇಷ್ಟ್ರು ಗಂಡನಾಗಿ ಸಿಕ್ಕದ್ದು ಭಾಗ್ಯವೆಂದು ಮಾವನವರು ತಿಳಿದಿದ್ದರು. ಅವರ ಆ ತಿಳಿವಳಿಕೆಯನ್ನು ನಾನೂ ತಿದ್ದಲು ಹೋಗಲಿಲ್ಲ.

ಮದುವೆಯಾದ ಮೇಲೆ ಮನೆ ಬೇಕಾಯಿತು. ಹಳೆಯ ಊರಿನೊಳಗೆ, ಚೌಬಾರಾದ ಸಮೀಪದ ಒಂದು ಗಲ್ಲಿಯಲ್ಲಿ, ಮಾಳಿಗೆಯ ಮೇಲಿನ ಎರಡು ಕೋಣೆಗಳು ಸಿಕ್ಕವು. ಕಿರಾಯಿ ತಿಂಗಳಿಗೆ ೨೫೦ ರೂಪಾಯಿ. ಮನೆ ಹಳೆಯದು, ಕೆಳಗೆ ಎರಡು ಕುಟುಂಬಗಳು, ಮೇಲೆ ನಾವು. ಅಂಗಳದಿಂದ ಮೇಲಕ್ಕೆ ಕಡಿದಾದ, ಕತ್ತಲೆಯ, ಹತ್ತೊಂಬತ್ತು ಕಲ್ಲಿನ ಮೆಟ್ಟಿಲು. ಅಡಿಗೆಯ ಕೋಣೆಗೆ ಕಿಟಕಿಯಿಲ್ಲ. ಹೊಗೆ ಹೋಗಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಮೇಲೆ ಬಚ್ಚಲಿದ್ದರೂ ನಳವಿಲ್ಲ. ಪಾಯಖಾನೆ ಕೆಳಗೆ, ಅಂಗಳದ ಮೂಲೆಯಲ್ಲಿ, ಮೂರು ಮನೆಗಳಿಗೂ ಒಂದೇ.

ಆದರೆ ಮುಂದಿನ ಕೋಣೆಗೆ ಒಂದು ಕಿಟಕಿಯಿತ್ತು. ಆ ಕಿಟಕಿಗೆ ನಾನು ಮರುಳಾದೆ. ಅದರಿಂದ ನೋಡಿದರೆ ನಾಲ್ಕು ಬೀದಿಗಳು ಕೂಡುವಲ್ಲಿ ಗುಂಡಗೆ ಎದ್ದುನಿಂತ ಚೌಬಾರಾ ಕಾಣುತ್ತಿತ್ತು. ಹಿಂದೆ ಕಾವಲುಗಾರರು ಹತ್ತಿ ಸುತ್ತಲಿನ ಬಯಲನ್ನು ಕಾಯುತ್ತಿದ್ದ ಬುರುಜು ಅದು. ಅಲ್ಲಿಂದ ಕೋಟೆಯ ದಿಕ್ಕಿಗೆ ಕೆಲವು ಹೆಜ್ಜೆ ನಡೆದರೆ ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾ, ಅದರ ಉಳಿದಿರುವ ಒಂದೇ ಮಿನಾರು, ಆ ಮಿನಾರಿನ ಮೇಲೆ ಇನ್ನೂ ಅಳಿಸಿಹೋಗದ ನೀಲಿ ಹೆಂಚುಗಳು. ಸಂಜೆ ಗೆಳೆಯರು ಬರುವರು. ಕಿಟಕಿಯ ಬಳಿ ಕುಳಿತು ಕಾವ್ಯ, ವಚನ, ಬಹಮನಿಗಳ ಕಾಲ ಎಂದು ಮಾತು ಬೆಳೆಯುವುದು. ಒಳಗಿನಿಂದ ಚಹಾ ಬರುವುದು. ಆ ಚಹಾದ ನೀರು ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಿದ್ದು ನೆನಪಿಲ್ಲ.

ಆ ವರ್ಷಗಳಲ್ಲೇ ನಾನು ನೌಬಾದಿನ ಸುರಂಗ ಬಾವಿಯ ಮೇಲೆ ಒಂದು ಲೇಖನ ಬರೆದೆ. ನೆಲದಾಳದ ನೀರನ್ನು ಸುರಂಗದಲ್ಲಿ ಸಣ್ಣ ಇಳಿಜಾರು ಕೊಟ್ಟು ಹರಿಸಿ, ಅಲ್ಲಲ್ಲಿ ಮೇಲಿನಿಂದ ಬಾವಿ ತೋಡಿ ಗಾಳಿ ಬೆಳಕು ಬಿಟ್ಟು, ಯಾವ ಯಂತ್ರವೂ ಇಲ್ಲದೆ ದೂರದ ವಸತಿಗೆ ಮುಟ್ಟಿಸುವ ಪರ್ಷಿಯಾದ ವಿದ್ಯೆ ಅದು. ಬಹಮನಿಗಳ ಕಾಲದಲ್ಲಿ ಇಲ್ಲಿಗೆ ಬಂದದ್ದು. ನೀರು ತಾನಾಗಿಯೇ ಮನುಷ್ಯನ ಬಳಿಗೆ ಬರಬೇಕು ಎಂಬುದೇ ನಾಗರಿಕತೆಯ ಲಕ್ಷಣ ಎಂದು ಆ ಲೇಖನವನ್ನು ಮುಗಿಸಿದ್ದೆ. ಅದನ್ನು ಮೆಚ್ಚಿ ಕೆಲವರು ಪತ್ರ ಬರೆದರು. ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, "ಛಲೋ ಬರದೀರಿ" ಎಂದು ಕೊಡ ತೆಗೆದುಕೊಂಡು ಕೆಳಗೆ ಇಳಿದಳು. ನಳ ಬರುವ ಹೊತ್ತಾಗಿತ್ತು.

೧೯೯೨ರ ಆರಂಭದಲ್ಲಿ ಮಗಳು ಹುಟ್ಟಿದಳು. ಬಾಣಂತನ ಮುಗಿಸಿಕೊಂಡು ತಾಯಿ ಮಗು ಭಾಲ್ಕಿಯಿಂದ ಬಂದಾಗ ಬೇಸಿಗೆ. ಕೂಸಿನ ಬಟ್ಟೆ, ಕೂಸಿನ ಸ್ನಾನ ಎಂದು ನೀರಿನ ಖರ್ಚು ಏರಿತು. ದಿನಕ್ಕೆ ಹನ್ನೆರಡು ಕೊಡ. ಹನ್ನೆರಡನ್ನು ಹತ್ತೊಂಬತ್ತರಿಂದ ಗುಣಿಸಿದರೆ ಇನ್ನೂರ ಇಪ್ಪತ್ತೆಂಟು. ಈ ಲೆಕ್ಕವನ್ನು ಮಾಡಿದವನು ನಾನಲ್ಲ. ಒಂದು ದಿನ ದಿನಸಿಯ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದ ಈ ಗುಣಾಕಾರ ನನ್ನ ಕೈಗೆ ಬಂತು. ಏನಿದು ಎಂದು ಕೇಳಿದೆ. "ಏನಿಲ್ಲ ಬಿಡ್ರಿ" ಎಂದಳು. ನಾನೂ ಬಿಟ್ಟೆ.

ಆ ಮಳೆಗಾಲದಲ್ಲಿ ಮಗುವಿಗೆ ಕೆಮ್ಮು ಹಿಡಿಯಿತು. ಸೀಮೆಎಣ್ಣೆ ಸ್ಟೋವಿನ ಹೊಗೆ, ಒದ್ದೆ ಗೋಡೆಯ ವಾಸನೆ. ರಾತ್ರಿ ಎದೆ ಸುಂಯ್‌ಗುಟ್ಟುವುದು. ವೈದ್ಯರು ಔಷಧ ಬರೆದುಕೊಟ್ಟು, ಸಾಧ್ಯವಾದರೆ ಗಾಳಿ ಬೆಳಕಿರುವ ಮನೆ ನೋಡಿ ಎಂದರು. ಹೆಂಡತಿ ಆ ಮಾತನ್ನು ನನಗೆ ನೆನಪಿಸಿದಳು. ನಾನು ಎರಡು ಉತ್ತರ ಕೊಟ್ಟೆ. ಮೊದಲನೆಯದು, ಹೊಸ ಬಡಾವಣೆಯ ಮನೆಗಳಿಗೆ ಆರು ನೂರು ಕಿರಾಯಿ, ನಮ್ಮ ಕೈಲಿ ಆಗದು. ಎರಡನೆಯದು, ಇಂಥ ಕಿಟಕಿ ಬೇರೆಲ್ಲಿ ಸಿಗುತ್ತದೆ? ಅಂದು ಅವಳು ಹೇಳಿದ ಮಾತು ಇದು:

"ನೀವು ಕಿಡಕಿದಾಗ ನಿಂತು ಚೌಬಾರಾ ನೋಡ್ತೀರಿ. ನಾ ಕೊಡಾ ಹೊತ್ತು ಮೆಟ್ಟಲಾ ನೋಡ್ತೀನಿ. ಇಬ್ಬರ ಮನಿ ಒಂದಽ ಅಲ್ರಿ."

ಹಣದ ಮಾತು ಪೂರ್ತಿ ಸುಳ್ಳೆಂದು ಹೇಳಲಾರೆ, ನಿಜವೆಂದೂ ಹೇಳಲಾರೆ. ಪುಸ್ತಕ, ಪತ್ರಿಕೆ, ಗೆಳೆಯರೊಡನೆ ಹೋಟೆಲು ಎಂದು ತಿಂಗಳಿಗೆ ನನ್ನ ಕೈಯಿಂದ ಮುನ್ನೂರು ರೂಪಾಯಿಗೆ ಕಡಿಮೆಯಿಲ್ಲದೆ ಹೋಗುತ್ತಿತ್ತು. ಎರಡು ಮನೆಗಳ ಕಿರಾಯಿಯ ಅಂತರ ಮುನ್ನೂರ ಐವತ್ತು. ಈ ಕೂಡಿ ಕಳೆಯುವ ಲೆಕ್ಕವನ್ನು ಸಾಹಿತ್ಯದ ಅಧ್ಯಾಪಕನು ಮಾಡದೆ ಹೋದದ್ದು ಬುದ್ಧಿಯ ಕೊರತೆಯಿಂದಲ್ಲ.

ಕೆಳಗಿನ ಮನೆಯ ಹಿರಿಯ ಹೆಂಗಸಿನ ವಿಷಯವನ್ನು ಇಲ್ಲಿ ಹೇಳಬೇಕು. ನನ್ನ ಹೆಂಡತಿ ಅವರನ್ನು ಖಾಲಾ ಎಂದು ಕರೆಯುತ್ತಿದ್ದಳು. ಅವರು ಇವಳನ್ನು ಬೇಟಿ ಎನ್ನುತ್ತಿದ್ದರು. ಅವರ ದಖನಿ ಇವಳಿಗೆ ಪೂರ್ತಿ ಬಾರದು, ಇವಳ ಕನ್ನಡ ಅವರಿಗೆ ಪೂರ್ತಿ ಬಾರದು. ಆದರೂ ಮಧ್ಯಾಹ್ನವೆಲ್ಲ ಅಂಗಳದಲ್ಲಿ ಮಾತು ನಡೆಯುತ್ತಿತ್ತು. ಇವಳು ನೀರು ಹೊರುವಾಗ ಮಗು ಖಾಲಾ ಅವರ ತೊಡೆಯ ಮೇಲೆ. ಕೆಮ್ಮಿದ ರಾತ್ರಿಗಳಲ್ಲಿ ಅವರು ಇದ್ದಿಲ ಕೆಂಡದ ಮೇಲೆ ಓಮ ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಕಳಿಸುವರು. ಎಳ್ಳಮಾವಾಸ್ಯೆಗೆ ನಮ್ಮ ಮನೆಯ ಭಜ್ಜಿ, ಸಜ್ಜೆ ರೊಟ್ಟಿ ಕೆಳಗೆ ಹೋಗುವುದು. ರಮಜಾನಿನ ದಿನ ಸುರಕುಂಬಾ ಮೇಲೆ ಬರುವುದು. ಗೆಳೆಯರ ಮುಂದೆ ನಾನು ಇದನ್ನು ಬೀದರಿನ ಸಂಸ್ಕೃತಿಯೆಂದು ವರ್ಣಿಸುತ್ತಿದ್ದೆ. ಅಂಗಳಕ್ಕೆ ಇಳಿದು ಆ ಸಂಸ್ಕೃತಿಯೊಡನೆ ಹತ್ತು ನಿಮಿಷ ಕುಳಿತದ್ದು ಕಡಿಮೆ.

ಹೀಗಿರುವಾಗ ೧೯೯೩ರ ಸೆಪ್ಟೆಂಬರ್ ೩೦ ಬಂತು. ಹಿಂದಿನ ರಾತ್ರಿ ಅನಂತ ಚತುರ್ದಶಿ. ಗಣಪತಿ ಕಳಿಸುವ ಮೆರವಣಿಗೆಗಳ ಡೋಲು ತಡರಾತ್ರಿಯವರೆಗೆ ಕೇಳಿಸುತ್ತಿತ್ತು. ಊರು ಆಗಷ್ಟೇ ಮಲಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಗೋಡೆಯ ಒಳಗಿನಿಂದ ಬಂದಂತೆ ಒಂದು ಸದ್ದು. ಮಾಡದಲ್ಲಿದ್ದ ಹಿತ್ತಾಳೆಯ ಚೊಂಬು ಉರುಳಿ ಬಿತ್ತು. ತೊಲೆಗಳ ಸಂದಿಯಿಂದ ಮಣ್ಣು ಹಾಸಿಗೆಯ ಮೇಲೆ, ಮಗುವಿನ ಮುಖದ ಮೇಲೆ ಸುರಿಯಿತು. ಭೂಕಂಪವೆಂದು ತಿಳಿಯುವ ಹೊತ್ತಿಗೆ ಹೆಂಡತಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಬಳಿ ಇದ್ದಳು. ಕರೆಂಟು ಇರಲಿಲ್ಲ. ಅವಳು ಆ ಕತ್ತಲೆಯಲ್ಲಿ ಒಂದು ಮೆಟ್ಟಿಲೂ ತಪ್ಪದೆ ಇಳಿದಳು. ಅವಳ ಕಾಲಿಗೆ ಅವು ಬಾಯಿಪಾಠವಾಗಿದ್ದವು. ನಾನು ಎರಡು ಕಡೆ ಮುಗ್ಗರಿಸಿ ಮೊಣಕಾಲು ತರಚಿಕೊಂಡೆ. ಕೆಳಗೆ ಖಾಲಾ ಕಂದೀಲು ಹಿಡಿದು ನಿಂತಿದ್ದರು. "ಬೇಟಿ, ಬಚ್ಚೀ ಕಿದರ್ ಹೈ?" ಎಂದು ಕೂಗುತ್ತಿದ್ದರು. ತಮ್ಮ ಮನೆಯವರೆಲ್ಲ ಬೀದಿಗೆ ಓಡಿದ ಮೇಲೂ ಆ ಮುದುಕಿ ನಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

ಬೆಳಗಿನವರೆಗೆ ಗಲ್ಲಿಯ ಜನವೆಲ್ಲ ಬಯಲಲ್ಲಿ ಕುಳಿತೆವು. ಹೊತ್ತು ಏರಿದಂತೆ ರೇಡಿಯೊದಿಂದ ಕಿಲ್ಲಾರಿಯ ಹೆಸರು ಕೇಳಿಬಂತು. ಭಾಲ್ಕಿಯ ಪಶ್ಚಿಮಕ್ಕೆ, ಗಡಿಯಾಚೆ, ಲಾತೂರು ಜಿಲ್ಲೆಯ ಹಳ್ಳಿ ಅದು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಕೊಂದದ್ದು ಭೂಮಿಯ ನಡುಕಕ್ಕಿಂತ ಹೆಚ್ಚಾಗಿ ಮನೆಗಳು ಎಂದು ತಜ್ಞರು ಮುಂದೆ ಹೇಳಿದರು. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಗೋಡೆ ಬಿಚ್ಚಿಕೊಂಡಾಗ ಮಾಳಿಗೆ ಮಲಗಿದವರ ಮೇಲೆ ಕುಳಿತಿತು. ಅಂದರೆ ಔರಾದ ಸೀಮೆಯಲ್ಲಿ ನಾನು ಹುಟ್ಟಿ ಬೆಳೆದಂಥದೇ ಮನೆ.

ಅಂದು ಮಧ್ಯಾಹ್ನವೇ ತಾಯಿ ಮಗುವನ್ನು ಭಾಲ್ಕಿಗೆ ಮುಟ್ಟಿಸಿದೆ. ಅಲ್ಲಿಯೂ ಜನ ಬಯಲಿನಲ್ಲೇ ಅಡಿಗೆ ಮಾಡಿಕೊಳ್ಳುತ್ತಿದ್ದರು. ಮರುದಿನ ಬೀದರಿಗೆ ಮರಳಿ, ಮಾಂಜ್ರಾ ದಾಟಿ, ಸಂತಪುರದ ಮೇಲೆ ಔರಾದಿಗೆ ಹೋಗಿ ಹಳ್ಳಿ ಸೇರಿದೆ. ಅವ್ವ ಮನೆಯೊಳಗೇ ಇದ್ದಳು. "ನಿಮ್ಮಪ್ಪ ಕಟ್ಟಿದ ಮನಿ. ಬಿದ್ರ ನನ್ನ ಮ್ಯಾಲ ಬೀಳ್ಲಿ" ಎಂದಳು. ಅವಳೊಡನೆ ವಾದಿಸಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿದೆ.

ನಮ್ಮ ಕಡೆ ಮೃಗಶಿರಾ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವುದುಂಟು. ಸೋರಬಾರದೆಂದು ಪ್ರತಿ ವರ್ಷ ಒಂದಿಷ್ಟು. ಹಳೆಯದನ್ನು ತೆಗೆಯುವವರಿಲ್ಲ. ಅಪ್ಪ ಹಾಕಿದ ಮಣ್ಣು, ಅವನ ನಂತರ ಅವ್ವ ಹಾಕಿಸಿದ ಮಣ್ಣು, ಎಲ್ಲವೂ ಪದರ ಪದರವಾಗಿ ಕುಳಿತಿತ್ತು. ಒಬ್ಬ ಆಳನ್ನು ಕರೆದುಕೊಂಡು ಎರಡು ದಿನ ಅಗೆದು ಕೆಳಗೆ ಹಾಕಿದೆ. ಅಂಗಳದಲ್ಲಿ ಆಳೆತ್ತರದ ಗುಡ್ಡೆಯಾಯಿತು. ಅವ್ವ ಅದನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟೆಲ್ಲಾ ನಮ್ಮ ತಲಿ ಮ್ಯಾಲ ಇತ್ತೇನೋ?" ಎಂದಳು. ನೀರು ಹೊತ್ತು ಗೊತ್ತಿಲ್ಲದ ನಾನು ಜೀವನದಲ್ಲಿ ಮೊದಲ ಸಲ ಒಂದು ಮನೆಯ ಭಾರವನ್ನು ಕೈಯಿಂದ ಎತ್ತಿದ್ದೆ. ಅಂಗೈಯ ಬೊಕ್ಕೆಗಳು ಮಾಯುವ ಮುಂಚೆ ಬೀದರಿಗೆ ಬಂದು ಮನೆ ಹುಡುಕಲು ಹೊರಟೆ.

ಹುಡುಕಾಟದ ವಿವರಗಳಿಂದ ನಿಮ್ಮನ್ನು ದಣಿಸುವುದಿಲ್ಲ. ಮನೆ ಕೊಡುವವರು ಜಾತಿ ಕೇಳಿದರು, ಊಟ ಕೇಳಿದರು, ನೆಂಟರ ಸಂಖ್ಯೆ ಕೇಳಿದರು. ನಾನು ಮಾತ್ರ ಎಲ್ಲ ಕಡೆಯೂ ಮೊದಲು ನಳ ಎಲ್ಲಿದೆ ಎಂದು ಕೇಳಿದೆ. ದೀಪಾವಳಿ ಕಳೆದ ಮೇಲೆ, ಹಳೆಯ ಕೋಟೆಗೋಡೆಯ ಹೊರಗೆ, ನೌಬಾದಿನ ದಾರಿಯ ಒಂದು ಹೊಸ ಬಡಾವಣೆಯಲ್ಲಿ ಮೂರು ಕೋಣೆಗಳ ಮನೆ ಸಿಕ್ಕಿತು. ನೆಲಕ್ಕೆ ಹೊಂದಿದ ಮನೆ, ಒಂದೂ ಮೆಟ್ಟಿಲಿಲ್ಲ. ಶಹಾಬಾದ್ ಫರಸಿಯ ನೆಲ, ಸಿಮೆಂಟಿನ ಛತ್ತು, ಅಡಿಗೆಮನೆಗೆ ದೊಡ್ಡ ಕಿಟಕಿ, ಹಿತ್ತಲಲ್ಲಿ ನಳ, ಮುಂದೆ ಒಂದು ಬೇವಿನ ಗಿಡ.

ಸಾಮಾನು ಸಾಗಿಸಲು ಟೆಂಪೊ ಬಂತು. ನನ್ನ ಪುಸ್ತಕಗಳು ಒಂಬತ್ತು ಗೋಣಿಚೀಲಗಳಾದವು. "ಜ್ವಾಳ ಏನ್ರಿ ಸರ?" ಎಂದು ಟೆಂಪೊದವನು ಕೇಳಿದ. ಉಳಿದ ಸಂಸಾರವೆಲ್ಲ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ತೊಟ್ಟಿಲು, ಹನ್ನೊಂದು ಪಾತ್ರೆ. ಇಷ್ಟು ಕಡಿಮೆ ಸಾಮಾನಿನಿಂದ ಅವಳು ಮೂರು ವರ್ಷ ಮನೆ ನಡೆಸಿದ್ದಳೆಂದು ಆ ದಿನ ಕಣ್ಣಿಗೆ ಬಿತ್ತು. ಹೊರಡುವಾಗ ಖಾಲಾ ಮಗುವಿನ ಕೈಗೆ ಒಂದು ಬೆಳ್ಳಿಯ ನಾಣ್ಯ ಇಟ್ಟರು. ಅಳಲಿಲ್ಲ. ಮನೆ ಬಿಡುವವರ ಎದುರು ಅಳಬಾರದು ಎಂದರಂತೆ. ಟೆಂಪೊ ತಿರುಗಿದ ಮೇಲೆ ನನ್ನ ಹೆಂಡತಿ ಅತ್ತಳು.

ಕೇಳುಗರೆ, ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ ಕಥೆ. ಮಗುವಿನ ಕೆಮ್ಮು ಮುಂದಿನ ಮಳೆಗಾಲದ ಹೊತ್ತಿಗೆ ಬಹಳಷ್ಟು ಕಡಿಮೆಯಾಯಿತು. ಅವಳು ಬೇವಿನ ಗಿಡದ ಕೆಳಗೆ ಓಡಾಡಲು ಕಲಿತಳು. ಆದರೆ ಲೆಕ್ಕವನ್ನು ಪೂರ್ತಿ ಒಪ್ಪಿಸಬೇಕು. ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪು. ಸಿಮೆಂಟಿನ ಛತ್ತು ಏಪ್ರಿಲ್ ತಿಂಗಳಲ್ಲಿ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಹೊಸ ಬಡಾವಣೆಯ ಜನ ಕೆಟ್ಟವರಲ್ಲ. ಆದರೆ ಅಲ್ಲಿ ಬಾಗಿಲುಗಳು ಮುಚ್ಚಿರುತ್ತಿದ್ದವು. ಮಧ್ಯಾಹ್ನ ಒಂದು ದನಿಯಿಲ್ಲ. ಕಿಲ್ಲಾರಿಯ ಸುತ್ತ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಹೊಸ ಜಾಗಗಳಿಗೆ ಸಾಗಿಸಿದಾಗಲೂ ಅಗಲ ರಸ್ತೆ, ದೂರ ದೂರದ ಮನೆ, ಗಟ್ಟಿ ಗೋಡೆ ಎಲ್ಲವೂ ದೊರೆತವು. ಓಣಿಯ ನೆರೆ ಮಾತ್ರ ಚದುರಿತು. ಗೋಡೆಗಳನ್ನು ಹೊಸದಾಗಿ ಕಟ್ಟಿಕೊಡಬಹುದು. ನೆರೆಯವರನ್ನು ಯಾವ ಗುತ್ತಿಗೆದಾರನು ಕಟ್ಟಿಕೊಟ್ಟಾನು?

ಈ ಮಾತನ್ನೇ ಹಿಡಿದುಕೊಂಡು ನಾನು ಒಂದು ಸಂಜೆ ನಿಟ್ಟುಸಿರು ಬಿಟ್ಟೆ. ಆ ಮನೆಯಲ್ಲಿ ಎಂಥ ಜೀವಂತಿಕೆಯಿತ್ತು, ಇಲ್ಲಿ ಏನಿದೆ ಎಂದೆ. ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ಹೋಗೂಣು ನಡೀರಿ. ನೀರು ಯಾರು ಹೊರತಾರ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಖಾಲಾ ಅವರ ನೆನಪು ಅವಳಿಗೆ ನನಗಿಂತ ಹೆಚ್ಚಾಗಿತ್ತು. ಆದರೆ ಅವಳು ನಿಟ್ಟುಸಿರು ಬಿಡಲಿಲ್ಲ. ಆಟೊ ಹಿಡಿದು ಹೋಗಿಬಂದಳು. ಹದಿನೈದು ದಿನಕ್ಕೊಮ್ಮೆ ಮಗುವನ್ನು ಕರೆದುಕೊಂಡು ಹಳೆಯ ಅಂಗಳಕ್ಕೆ ಹೋಗುವಳು. ಖಾಲಾ ನಮ್ಮ ಬೇವಿನ ನೆರಳಿಗೆ ಬರುವರು. ಮೆಟ್ಟಿಲಿಲ್ಲದ ಮನೆ ಅವರ ಮೊಣಕಾಲಿಗೂ ಹಿತವಾಗಿತ್ತು. ಆ ಸಂಬಂಧ ಅವರು ಬದುಕಿರುವವರೆಗೆ ನಡೆಯಿತು. ಹಳೆಯ ಮನೆಯ ನೀರನ್ನು ಹೊತ್ತವಳು ಅವಳು. ಆ ಮನೆಯ ಪ್ರೀತಿಯನ್ನು ಹೊಸ ಮನೆಗೆ ಹೊತ್ತು ತಂದವಳೂ ಅವಳೇ. ನಾನು ಹೊತ್ತದ್ದು ಕಿಟಕಿಯ ನೋಟವನ್ನು ಮಾತ್ರ, ಅದಕ್ಕೆ ತೂಕವಿಲ್ಲ. ಹಳೆಯ ಮನೆಗಳನ್ನು, ಹಳೆಯ ಕಾಲವನ್ನು ಹೊಗಳುವ ಬರಹ ಓದಿದಾಗ, ನಾನೇ ಅಂಥದನ್ನು ಬರೆಯಹೊರಟಾಗ, ಈಗ ಒಂದು ಪ್ರಶ್ನೆ ಅಡ್ಡ ಬರುತ್ತದೆ. ಆ ಮನೆಯಲ್ಲಿ ನೀರು ತರುತ್ತಿದ್ದವರು ಯಾರು, ಅವರೂ ಹೀಗೆಯೇ ಹೇಳುವರೇ?

ಆ ಕೆಮ್ಮುವ ಕೂಸು ಈಗ ತಾನೇ ತಾಯಿ. ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಹನ್ನೊಂದನೆಯ ಅಂತಸ್ತಿನಲ್ಲಿ ಅವಳ ವಾಸ. ಮೊನ್ನೆ ಫೋನಿನಲ್ಲಿ, "ಅಪ್ಪಾ, ಮನಿ ಬದಲಸಬೇಕಂತ ಅದೀವಿ" ಎಂದಳು. ಅಳಿಯನಿಗೆ ಬಾಲ್ಕನಿಯ ನೋಟ ಬಹಳ ಇಷ್ಟವಂತೆ. ನಾನು ನೋಟದ ಮಾತು ಎತ್ತಲಿಲ್ಲ. ನೀರಿನ ಟ್ಯಾಂಕರು ಬಾರದ ದಿನ ಏನು ಮಾಡುತ್ತೀರಿ, ಮಗು ಎಲ್ಲಿ ಆಡುತ್ತದೆ, ಪಕ್ಕದ ಮನೆಯವರ ಹೆಸರು ಗೊತ್ತೇ ಎಂದು ಮೂರು ಮಾತು ಕೇಳಿದೆ. ಬಳಿಕ ಫೋನನ್ನು ಅವಳ ತಾಯಿಗೆ ಕೊಟ್ಟೆ.

ಈಚೆಗೆ ಒಂದು ದಿನ ನಾವಿಬ್ಬರೂ ಹಳೆಯ ಗಲ್ಲಿಗೆ ಹೋಗಿದ್ದೆವು. ಮನೆ ಇನ್ನೂ ನಿಂತಿದೆ. ಅಂಗಳದಲ್ಲಿ ನಿಂತು, ಇದೇ ನೋಡು ನಮ್ಮ ಹತ್ತೊಂಬತ್ತು ಮೆಟ್ಟಿಲು ಎಂದೆ. "ಇಪ್ಪತ್ತೊಂದು" ಎಂದಳು ಅವಳು. ನಾನು ಒಪ್ಪಲಿಲ್ಲ. ಅವಳು ನನ್ನ ತೋಳು ಹಿಡಿದು ಅಂಗಳದ ಮೂಲೆಗೆ ಕರೆದುಕೊಂಡು ಹೋದಳು. ಆಗ ನಳಕ್ಕೆ ಜೋರಿರಲಿಲ್ಲ. ನೀರು ಬೀಳಲೆಂದು ನೆಲವನ್ನು ತೋಡಿ, ಗುಂಡಿಯೊಳಗೆ ನಳ ಕೂಡಿಸಿದ್ದರು. ಕೊಡ ತುಂಬಬೇಕಾದರೆ ಆ ಗುಂಡಿಗೆ ಇಳಿಯಬೇಕು. ಈಗ ಒಣಗಿ, ಕಸ ತುಂಬಿತ್ತು. ಅದರ ಅಂಚಿನಲ್ಲಿ, ನಡುವೆ ಸವೆದು ಹೋದ ಎರಡು ಕಲ್ಲಿನ ಮೆಟ್ಟಿಲುಗಳಿದ್ದವು. ಮೂರು ವರ್ಷ ಆ ಮನೆಯಲ್ಲಿ ಇದ್ದ ನಾನು ಅವನ್ನು ನೋಡಿದ್ದು ಅದೇ ಮೊದಲು.